ಹಿಂದಿನ ಸಾಲಿನಲ್ಲಿ ಕೂತವರು ಕೇಳಬೇಕಾದ ಪ್ರಶ್ನೆ

ಅರಸೀಕೆರೆಯ ರೈಲ್ವೆ ನಿಲ್ದಾಣದಲ್ಲಿ, ಬೇಲೂರಿನ ಬಸ್ ನಿಲ್ದಾಣದಲ್ಲಿ, ಹಳೇಬೀಡಿನ ಟೀ ಅಂಗಡಿಗಳಲ್ಲಿ ನಿಮ್ಮ ಬಾಯಿಂದ ಒಂದು ಮಾತು ಮತ್ತೆ ಮತ್ತೆ ಕೇಳುತ್ತೇನೆ. “ನಮ್ಮೋರು ವಿರೋಧ ಪಕ್ಷದಲ್ಲವ್ರೆ, ಅವ್ರ ಕೈಲಿ ಏನಾಗುತ್ತೆ? ಅನುದಾನವೇ ಬರಲ್ಲ.” ಹೀಗೆ ಹೇಳುವವರಿಗೆ ಇಪ್ಪತ್ತು, ಇಪ್ಪತ್ತೈದರ ವಯಸ್ಸು. ಮಕ್ಕಳೇ, ಈ ಮಾತನ್ನು ನಂಬಿಕೊಂಡು ಬೆಳೆದರೆ ನಿಮ್ಮ ಕೈಯಲ್ಲಿರುವ ದೊಡ್ಡದೊಂದು ಹಕ್ಕನ್ನು ಬಳಸದೆಯೇ ನೀವು ಮುದುಕರಾಗಿಬಿಡುತ್ತೀರಿ. ಅದಕ್ಕೇ ಈ ಕಿವಿಮಾತು.

ಈಗಿನ ಲೆಕ್ಕವನ್ನೇ ನೋಡಿ. 2023ರ ಚುನಾವಣೆಯಲ್ಲಿ ಬೇಲೂರಿನಿಂದ ಗೆದ್ದ ಎಚ್.ಕೆ. ಸುರೇಶ್ ಬಿಜೆಪಿಯವರು, ಬೆಂಗಳೂರಿನಲ್ಲಿ ಸರ್ಕಾರ ಕಾಂಗ್ರೆಸ್ಸಿನದು. 2024ರಲ್ಲಿ ಹಾಸನದಿಂದ ಲೋಕಸಭೆಗೆ ಹೋದ ಶ್ರೇಯಸ್ ಪಟೇಲ್ ಕಾಂಗ್ರೆಸ್ಸಿನವರು, ದೆಹಲಿಯಲ್ಲಿ ಅವರ ಪಕ್ಷ ವಿರೋಧದ ಸಾಲಿನಲ್ಲಿದೆ. ಅರಸೀಕೆರೆಯ ಕೆ.ಎಂ. ಶಿವಲಿಂಗೇಗೌಡರು 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಆಳುವ ಕಡೆ ಕೂತರು. ಅದಕ್ಕೆ ಹಿಂದಿನ ಹದಿನೈದು ವರ್ಷದ ಬಹುಪಾಲನ್ನು ಅವರೂ ಜೆಡಿಎಸ್ ಶಾಸಕರಾಗಿ ವಿರೋಧದ ಕಡೆಯೇ ಕಳೆದವರು. ಯಾವ ಪಕ್ಷ ಮೇಲು ಎಂದು ಹೇಳುವುದಕ್ಕೆ ಈ ಹೆಸರುಗಳನ್ನು ಎತ್ತಲಿಲ್ಲ. ನಮ್ಮ ಊರುಗಳ ಪ್ರತಿನಿಧಿಗಳಲ್ಲಿ ಯಾರಾದರೊಬ್ಬರು ಯಾವಾಗಲೂ ವಿರೋಧ ಪಕ್ಷದಲ್ಲಿ ಇದ್ದೇ ಇರುತ್ತಾರೆ. ಹಾಗಾದರೆ ಅಲ್ಲಿ ಕೂತವರ ಕೆಲಸವೇನು ಎಂಬುದು ನಿಮಗೆ ಗೊತ್ತಿರಬೇಕು.

ಅವರ ಕೆಲಸ ಪ್ರಶ್ನೆ ಕೇಳುವುದು. ಗುದ್ದಲಿ ಪೂಜೆ ಮಾಡುವುದು, ಟೇಪು ಕತ್ತರಿಸುವುದು ಮಂತ್ರಿಗಳಿಗಿರಲಿ. ಸರ್ಕಾರ ತಾನಾಗಿ ಹೇಳದೇ ಇರುವುದನ್ನು ಅದರ ಬಾಯಿಂದ ಹೇಳಿಸಿ, ಲಿಖಿತವಾಗಿ ದಾಖಲು ಮಾಡಿಸುವುದು ವಿರೋಧ ಪಕ್ಷದ ಸದಸ್ಯನ ಧರ್ಮ. ಹಿಂದಿನ ಬೆಂಚಿನಲ್ಲಿ ಕೂತ ಹೊಸಬನ ಪ್ರಶ್ನೆಗೂ ಮಂತ್ರಿ ಉತ್ತರ ಕೊಡಲೇಬೇಕು. ಸದನದೊಳಗೆ ಆಡಿದ ಮಾತಿಗಾಗಿ ಅವನನ್ನು ಯಾರೂ ಕೋರ್ಟಿಗೆಳೆಯುವಂತಿಲ್ಲ. ಸಂವಿಧಾನದ 105 ಮತ್ತು 194ನೇ ವಿಧಿಗಳು ಆ ರಕ್ಷಣೆಯನ್ನು ಕೊಟ್ಟಿವೆ. ಇದು ಸಣ್ಣ ಬಲವಲ್ಲ.

ಪ್ರಶ್ನೆ ಕೇಳುವ ಈ ಹಕ್ಕು ನಮ್ಮ ಸೀಮೆಗೆ ಸುಮ್ಮನೆ ಬರಲಿಲ್ಲ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕರೆದಾಗ ಬಂದವರು 144 ಮಂದಿ, ಹೆಚ್ಚಿನವರು ಜಮೀನುದಾರರು ಮತ್ತು ವ್ಯಾಪಾರಿಗಳು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ದಿವಾನರ ವರದಿ ಕೇಳಿಸಿಕೊಂಡು, ತಮ್ಮ ಸೀಮೆಯ ಕುಂದುಕೊರತೆ ಹೇಳಿ ಊರಿಗೆ ಮರಳಬೇಕಿತ್ತು. ಅಲ್ಲಿಂದ ಇಲ್ಲಿಯವರೆಗೆ ಒಂದೊಂದೇ ಹಕ್ಕು ಸೇರುತ್ತಾ ಬಂತು. ಇಂದು ನಿಮ್ಮ ಶಾಸಕರಿಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಇದೆ, ಲಿಖಿತ ಉತ್ತರ ಬರುವ ಚುಕ್ಕೆ ಗುರುತಿಲ್ಲದ ಪ್ರಶ್ನೆ ಇದೆ, ಗಮನ ಸೆಳೆಯುವ ಸೂಚನೆ ಇದೆ, ಶೂನ್ಯ ವೇಳೆ ಇದೆ, ಇಲಾಖೆಗಳ ಅನುದಾನದ ಬೇಡಿಕೆಗಳ ಮೇಲಿನ ಚರ್ಚೆ ಇದೆ.

ಹಿಂದಿನ ಸಾಲಿನಿಂದ ಏನು ಸಾಧ್ಯ ಎಂದು ಕೇಳುವವರಿಗೆ ನಾನು ಹೇಳುವುದು ಶಾಂತವೇರಿ ಗೋಪಾಲಗೌಡರ ಹೆಸರು. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದ ರೈತರ ಜೊತೆ ನಿಂತವರು ಅವರು. ಮರುವರ್ಷ ಸಮಾಜವಾದಿ ಪಕ್ಷದಿಂದ ಸಾಗರ–ಹೊಸನಗರದಲ್ಲಿ ಗೆದ್ದು ಮೈಸೂರು ವಿಧಾನಸಭೆಗೆ ಬಂದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಒಂದು ದಿನವೂ ಮಂತ್ರಿಯಾಗಲಿಲ್ಲ. ಸದನದಲ್ಲಿ ಅವರ ಕಡೆಯ ಸಂಖ್ಯೆ ಕೈಬೆರಳಲ್ಲಿ ಎಣಿಸುವಷ್ಟು. ಆದರೂ ಉಳುವವನಿಗೆ ಭೂಮಿ ಸೇರಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಬೇಕು ಎಂದು ಹೇಳುತ್ತಲೇ ಹೋದರು. 1972ರ ಜೂನ್‌ನಲ್ಲಿ ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಎರಡನ್ನೂ ಮಾಡಿದ್ದು ಗೋಪಾಲಗೌಡರು ಎದುರಿಗೆ ಕೂತು ಟೀಕಿಸುತ್ತಿದ್ದ ಕಾಂಗ್ರೆಸ್ ಪಕ್ಷದ ಸರ್ಕಾರ. ನಮ್ಮ ಅರಸೀಕೆರೆ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಇರಬೇಕಲ್ಲ, ಹಾಗೆ ಸದನದ ಕೆಲವು ಮಾತುಗಳು ಕಡತದಲ್ಲಿ ಕೂತು ಒಣಗಿ, ಹೇಳಿದವರು ಹೋದ ಮೇಲೆ ಊರಿಗೆ ದಕ್ಕುತ್ತವೆ.

ನಮ್ಮ ಹಾಸನ ಜಿಲ್ಲೆಯಲ್ಲೇ ಇನ್ನೊಂದು ಪಾಠವಿದೆ. ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಹೋದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಓದಿದ್ದು ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ. ಶಾಸಕಾಂಗದ ಗ್ರಂಥಾಲಯದಲ್ಲಿ ಕೂತು ನೀರಾವರಿಯ ಕಡತ, ಹಳೆಯ ನಡಾವಳಿ ಓದುವುದು ಅವರ ರೂಢಿಯಾಗಿತ್ತು ಎಂಬುದು ಆ ಕಾಲದವರೆಲ್ಲ ಒಪ್ಪುವ ಮಾತು. ಹತ್ತು ವರ್ಷದ ಮೇಲೆ, 1972ರಲ್ಲಿ, ಅವರು ವಿರೋಧ ಪಕ್ಷದ ನಾಯಕರಾದರು. ಅವರ ರಾಜಕೀಯವನ್ನು ನೀವು ಒಪ್ಪಬಹುದು, ಬಿಡಬಹುದು. ಕಾವೇರಿ ನೀರಿನ ಲೆಕ್ಕ ಮಾತಾಡುವಾಗ ಅವರೆದುರು ಅಂಕಿ ತಪ್ಪಿ ಹೇಳಲು ಮಂತ್ರಿಗಳು ಅಂಜುತ್ತಿದ್ದರೆ ಅದಕ್ಕೆ ಕಾರಣ ಆ ಗ್ರಂಥಾಲಯ. ನಿಮ್ಮಲ್ಲಿ ಯಾರಾದರೂ ರಾಜಕೀಯಕ್ಕೆ ಹೋಗುವವರಿದ್ದರೆ, ಮೊದಲ ವರ್ಷ ಫ್ಲೆಕ್ಸಿಗೆ ಹಾಕುವ ದುಡ್ಡನ್ನು ಪುಸ್ತಕಕ್ಕೆ ಹಾಕಿ.

ಈಗ ಪ್ರಶ್ನೆ ಬರೆಯುವ ವಿದ್ಯೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೊದಲು, ಯಾವ ಸದನದಲ್ಲಿ ಕೇಳಬೇಕು ಎಂಬುದು ತಿಳಿದಿರಲಿ. ಕೊಬ್ಬರಿಯ ಬೆಂಬಲ ಬೆಲೆ ಗೊತ್ತು ಮಾಡುವುದು ಕೇಂದ್ರ ಸರ್ಕಾರ, ಆದ್ದರಿಂದ ಅದು ಲೋಕಸಭೆಗೆ ಹೋಗಬೇಕಾದ ಪ್ರಶ್ನೆ. ರೈಲು ಮಾರ್ಗವೂ ಹಾಗೆಯೇ. ಯಗಚಿ ನೀರು, ಕೆರೆ, ಸರ್ಕಾರಿ ಶಾಲೆ, ಆಸ್ಪತ್ರೆ ವಿಧಾನಸಭೆಗೆ ಸೇರಿದವು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದವು. ಅಲ್ಲಿ ಗುಡಿಯ ಕಲ್ಲಿನ ರಕ್ಷಣೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಹೊರಗಿನ ರಸ್ತೆ, ಶೌಚಾಲಯ, ವಾಹನ ನಿಲ್ದಾಣದ ಹೊಣೆ ರಾಜ್ಯದ ಮತ್ತು ಸ್ಥಳೀಯ ಆಡಳಿತದ ಮೇಲೆ. ತಪ್ಪು ಬಾಗಿಲು ತಟ್ಟಿದರೆ “ಇದು ನಮಗೆ ಸಂಬಂಧಿಸಿದ್ದಲ್ಲ” ಎಂಬ ಒಂದೇ ಸಾಲಿನ ಉತ್ತರ ಬಂದು ಅಧಿವೇಶನ ಮುಗಿದುಹೋಗುತ್ತದೆ.

ಇನ್ನು ಪ್ರಶ್ನೆಯ ಒಳಗೆ ಏನಿರಬೇಕು? ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ತೆಗೆದು ನೋಡಿ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. “ಕುಡಿಯುವ ನೀರಿನ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?” ಎಂದು ಕೇಳಿದರೆ ಬಲಕ್ಕೆ “ಬಂದಿದೆ” ಎಂದಿರುತ್ತದೆ. “ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?” ಎಂದರೆ “ಅನುದಾನದ ಲಭ್ಯತೆಯನ್ನಾಧರಿಸಿ ಪರಿಶೀಲಿಸಲಾಗುವುದು” ಎಂದಿರುತ್ತದೆ. “ಬಂದಿಲ್ಲ” ಎಂದು ಒಮ್ಮೆ ಬರೆದುಬಿಟ್ಟರೆ ಉಳಿದ ಎಲ್ಲದಕ್ಕೂ “ಉದ್ಭವಿಸುವುದಿಲ್ಲ”. ಅಲ್ಲಿಗೆ ಮುಗಿಯಿತು. ತಪ್ಪು ಅಧಿಕಾರಿಯದು ಮಾತ್ರವಲ್ಲ, ನುಣುಚಿಕೊಳ್ಳಲು ಜಾಗ ಬಿಟ್ಟು ಕೇಳಿದವರದೂ ಹೌದು.

ಕೊಬ್ಬರಿಯನ್ನೇ ತೆಗೆದುಕೊಳ್ಳಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ, ಅದರ ಹಿಂದಿನ ವರ್ಷ 11,750. “ತೆಂಗು ಬೆಳೆಗಾರರ ಕಷ್ಟ ಸರ್ಕಾರಕ್ಕೆ ಕಾಣುತ್ತಿಲ್ಲವೇ?” ಎಂದು ಗುಡುಗಿದರೆ ಅಂದು ಸಂಜೆ ಟಿವಿಯಲ್ಲಿ ಅರ್ಧ ನಿಮಿಷ ಬರಬಹುದು. ಅದರ ಬದಲು ನಿಮ್ಮ ಸಂಸದರು ಹೀಗೆ ಕೇಳಲಿ: ಅರಸೀಕೆರೆ ತಾಲ್ಲೂಕಿನ ಖರೀದಿ ಕೇಂದ್ರಗಳಲ್ಲಿ ಆ ವರ್ಷ ಹೆಸರು ನೋಂದಾಯಿಸಿದ ರೈತರೆಷ್ಟು? ಅವರಲ್ಲಿ ಎಷ್ಟು ಜನರಿಂದ, ಎಷ್ಟು ಕ್ವಿಂಟಾಲ್ ಕೊಂಡಿರಿ? ಹಣ ಖಾತೆಗೆ ಬಂದ ದಿನ ಯಾವುದು? ಬಾಕಿ ಎಷ್ಟು, ಅದನ್ನು ಯಾವ ತಾರೀಖಿನೊಳಗೆ ಕೊಡುತ್ತೀರಿ? ಬೆಲೆ ಗೊತ್ತು ಮಾಡುವಾಗ ಕಾಯಿ ಸುಲಿಯುವ ಕೂಲಿ, ಒಣಗಿಸುವ ತಿಂಗಳುಗಳ ವೆಚ್ಚ ಹಿಡಿದಿದ್ದೀರಾ, ಎಷ್ಟು ಹಿಡಿದಿದ್ದೀರಿ? ಈ ಪ್ರಶ್ನೆಗೆ “ಗಮನಕ್ಕೆ ಬಂದಿದೆ” ಎಂಬುದು ಉತ್ತರವಾಗಲಾರದು. ಊರು, ವರ್ಷ, ಅಳತೆ ಮೂರೂ ಇರುವ ಪ್ರಶ್ನೆ ಕಚೇರಿಯಲ್ಲಿ ಯಾರನ್ನಾದರೂ ಕಡತ ತೆರೆಯುವಂತೆ ಮಾಡುತ್ತದೆ. ಕಡತ ತೆರೆದಾಗ ಅರ್ಧ ಕೆಲಸ ಅಲ್ಲೇ ಆಗುವುದೂ ಉಂಟು.

ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಗಳು 20, ಗುರುತಿಲ್ಲದವು 230. ಕನಿಷ್ಠ 15 ದಿನ ಮೊದಲೇ ಸೂಚನೆ ಕೊಟ್ಟಿರಬೇಕು, ಯಾರ ಪ್ರಶ್ನೆ ಬರುತ್ತದೆಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಅದೃಷ್ಟವಿದ್ದು ನಿಮ್ಮ ಸಂಸದರ ಪ್ರಶ್ನೆಗೆ ಚುಕ್ಕೆ ಬಿದ್ದರೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಆಗ ಉಪಪ್ರಶ್ನೆ ಕೇಳಬಹುದು. ಆ ಉಪಪ್ರಶ್ನೆಯಲ್ಲಿ ಸದಸ್ಯ ಓದಿಕೊಂಡು ಬಂದಿದ್ದಾನೋ ಇಲ್ಲವೋ ಎಂಬುದು ಇಡೀ ಸದನಕ್ಕೆ ತಿಳಿದುಹೋಗುತ್ತದೆ.

ಕನ್ನಡದಲ್ಲಿ ಕೇಳಲು ಯಾರೂ ಹಿಂಜರಿಯಬೇಕಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಆಗ ಅವರೂ ವಿರೋಧ ಪಕ್ಷದ ಹೊಸ ಸದಸ್ಯರೇ. ಇಂದು ಅಲ್ಲಿ ಕನ್ನಡಕ್ಕೆ ಅನುವಾದಕರಿದ್ದಾರೆ. ಕೊಬ್ಬರಿಯ, ಕಾಡಾನೆಯ, ಕಾಫಿ ತೋಟದ ಕಷ್ಟವನ್ನು ಅರೇಹಳ್ಳಿಯವನು ಹೇಳುವ ಮಾತಿನಲ್ಲೇ ದೆಹಲಿಯಲ್ಲಿ ಹೇಳುವ ದಾರಿಯನ್ನು ಒಬ್ಬರು ತೆರೆದಿಟ್ಟು ಹೋಗಿದ್ದಾರೆ.

ಉತ್ತರ ಬಂದ ಮೇಲೆ ಕೈಬಿಡಬೇಡಿ. ಇಲ್ಲಿಯೇ ನಮ್ಮವರು ಸೋಲುವುದು. ಎತ್ತಿನಹೊಳೆಯನ್ನು ನೋಡಿ. 24.01 ಟಿಎಂಸಿ ನೀರು ತರುತ್ತೇವೆ ಎಂದು ಹೊರಟ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಚಾಲನೆ ಸಿಕ್ಕಿತು. ಕಾಲುವೆ ಹಾದುಹೋಗುವುದು ನಮ್ಮ ಬೇಲೂರು, ಅರಸೀಕೆರೆ ತಾಲ್ಲೂಕುಗಳ ನೆಲದ ಮೇಲೆ. ಈ ವರ್ಷಗಳಲ್ಲಿ ಮೂರು ಪಕ್ಷದವರೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕೂತಿದ್ದಾರೆ. ವಿರೋಧದಲ್ಲಿದ್ದಾಗ ಕೇಳಿದ ಪ್ರಶ್ನೆಯನ್ನು ಅಧಿಕಾರಕ್ಕೆ ಬಂದ ಮೇಲೆ ಮರೆಯುವುದು ಯಾವ ಒಂದು ಪಕ್ಷದ ರೋಗವೂ ಅಲ್ಲ. ಜಮೀನು ಕೊಟ್ಟವರ ಪರಿಹಾರ ಎಷ್ಟು ಬಾಕಿ, ಯಾವ ಕೆರೆಗೆ ಎಷ್ಟು ನೀರು, ಯಾವ ತಿಂಗಳು ಎಂದು ಸದನದಲ್ಲಿ ಹೇಳಿಸಿದ ಉತ್ತರವನ್ನು ನೀವು ತೆಗೆದಿಟ್ಟುಕೊಂಡಿದ್ದರೆ ಮಾತ್ರ ಮುಂದಿನ ಸರ್ಕಾರಕ್ಕೂ ಅದನ್ನು ತೋರಿಸಿ ಕೇಳಬಹುದು. ಮಂತ್ರಿ ಸದನದಲ್ಲಿ “ಮಾಡುತ್ತೇವೆ” ಎಂದರೆ ಅದು ಭರವಸೆ ಎಂದು ದಾಖಲಾಗುತ್ತದೆ, ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯೇ ಇದೆ. ಅದಕ್ಕೆ ನೆನಪಿಸುವವರು ಬೇಕು.

ಹಳೇಬೀಡಿನವರಿಗೆ ಇದನ್ನು ನಾನು ಹೆಚ್ಚು ಹೇಳಬೇಕಿಲ್ಲ. ಬೇಲೂರಿನ ಪಕ್ಕದಲ್ಲೇ ಯಗಚಿ ಹರಿದರೂ ನಿಮ್ಮ ಹೋಬಳಿ, ಮಾದಿಹಳ್ಳಿ ಹೋಬಳಿ ಒಣಗಿದವು. ರಣಘಟ್ಟದಿಂದ ದ್ವಾರಸಮುದ್ರ ಕೆರೆಗೆ ನೀರು ಹರಿಸಿ ಎಂದು ನಿಮ್ಮ ಹಿರಿಯರು ದಶಕಗಳ ಕಾಲ ಧರಣಿ ಕೂತರು, ಪಾದಯಾತ್ರೆ ಮಾಡಿದರು. ಬೀದಿಯ ಆ ಹೋರಾಟಕ್ಕೆ ಸದನದಲ್ಲಿ ಒಂದು ಬಾಯಿ ಬೇಕು, ಸದನದ ಬಾಯಿಗೆ ಬೀದಿಯ ಬಲ ಬೇಕು. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

ಒಂದು ಮಾತನ್ನು ಕಠಿಣವಾಗಿಯೇ ಹೇಳುತ್ತೇನೆ. ಸದನದ ಬಾವಿಗಿಳಿದು, ಹಾಳೆ ಹರಿದು, ಪ್ರಶ್ನೋತ್ತರ ವೇಳೆಯನ್ನು ಕೆಡಿಸುವವನು ನಿಮ್ಮ ಪಕ್ಷದವನಾದರೂ ಚಪ್ಪಾಳೆ ತಟ್ಟಬೇಡಿ. ಆ ಗದ್ದಲದಿಂದ ಉಳಿದುಕೊಳ್ಳುವವನು ಮಂತ್ರಿ, ಉಪಪ್ರಶ್ನೆಗೆ ಉತ್ತರ ಕೊಡುವ ಕಷ್ಟ ಅವನಿಗೆ ತಪ್ಪುತ್ತದೆ. ವರ್ಷಕ್ಕೆ 60 ದಿನವಾದರೂ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಕರ್ನಾಟಕವೇ ಕಾನೂನು ಮಾಡಿಕೊಂಡಿದೆ. ಸದನ ಅಷ್ಟು ದಿನ ಸೇರುವ ವರ್ಷಗಳೇ ಅಪರೂಪ. ಸಿಕ್ಕ ಕೆಲವೇ ದಿನಗಳನ್ನು ಕೂಗಾಟಕ್ಕೆ ಕೊಡುವುದು ಊರಿಗೆ ಮಾಡುವ ನಷ್ಟ.

ಆದ್ದರಿಂದ, ಮಕ್ಕಳೇ, ನಿಮ್ಮ ಶಾಸಕರು, ಸಂಸದರು ಮದುವೆಗೆ ಬಂದರೋ ಇಲ್ಲವೋ ಎಂದು ಅಳೆಯುವುದನ್ನು ಬಿಡಿ. ಈ ಅಧಿವೇಶನದಲ್ಲಿ ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ವಿಚಾರಿಸಿ. ಆ ಪ್ರಶ್ನೋತ್ತರಗಳೆಲ್ಲ ವಿಧಾನಸಭೆಯ, ಲೋಕಸಭೆಯ ಜಾಲತಾಣಗಳಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಮುಂದಿನ ಅಧಿವೇಶನದ ದಿನ ಗೊತ್ತಾದ ಕೂಡಲೇ ನಾಲ್ಕು ಜನ ಕೂತು, ನಿಮ್ಮ ಊರಿನ ಒಂದೇ ಒಂದು ವಿಷಯ ಹಿಡಿದು, ಪಂಚಾಯಿತಿಯಿಂದಲೋ ಎಪಿಎಂಸಿಯಿಂದಲೋ ಅಂಕಿ ತಂದು, ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಅವರ ಕೈಗೆ ಕೊಡಿ. ಸೂಚನೆ ಕೊಡುವ ಹದಿನೈದು ದಿನದ ಗಡುವಿಗೂ ಮುಂಚೆಯೇ ಕೊಡಿ.