ಅಂಗಳದಲ್ಲೇ ನಿಲ್ಲಬೇಡಿ, ಒಳಗೆ ಬನ್ನಿ

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕರಾವಳಿಯ ಇಗರ್ಜಿಗಳಲ್ಲಿ ಹೊಸ ತೆನೆ ಹೊರಲು, ಕಬ್ಬು ಹಂಚಲು ಗಂಡಸರಿಗೆ ಕೊರತೆಯಿಲ್ಲ. ಮುಂದಿನ ಭಾನುವಾರ ಅವರಲ್ಲಿ ಹಲವರು ಕಾಣುವುದೇ ಇಲ್ಲ. ಬಂದವರಲ್ಲೂ ಕೆಲವರು ಪ್ರಸಂಗ ಮುಗಿಯುವವರೆಗೆ ಅಂಗಳದಲ್ಲೇ.

ಇದಕ್ಕೆ ಭಕ್ತಿ ಕಡಿಮೆಯಾದದ್ದೊಂದೇ ಕಾರಣವಲ್ಲ. ಪಾಳಿ ಕೆಲಸ, ವಾರಕ್ಕೊಂದೇ ರಜೆ, ಗಲ್ಫಿನಲ್ಲಿ ಶುಕ್ರವಾರದ ಪೂಜೆಗೆ ಒಗ್ಗಿ ಊರಿನ ಭಾನುವಾರ ತಪ್ಪಿದ್ದು, ಪ್ರಾರ್ಥನೆ ಹೆಂಗಸರ ಪಾಲು ಎಂಬ ಮನೆಯ ರೂಢಿ, ಎಲ್ಲವೂ ಸೇರುತ್ತವೆ. ಕೆಲಸ ಹೋದಾಗ, ಸಾಲ ಏರಿದಾಗ ನಾಲ್ಕು ಜನರ ಮುಖ ನೋಡಲೂ ಸಂಕೋಚ.

ಆದರೂ ಹೊಣೆ ಸಿಕ್ಕರೆ ಗಂಡಸರು ನಿಲ್ಲುತ್ತಾರೆ. 1833ರಲ್ಲಿ ಪ್ಯಾರಿಸ್‌ನಲ್ಲಿ 20 ವರ್ಷದ ಫ್ರೆಡ್ರಿಕ್ ಓಝಾನಾಂ ಗೆಳೆಯರೊಡನೆ ಬಡವರ ಮನೆಗಳಿಗೆ ಹೋಗತೊಡಗಿದರು. ಅದೇ ಸಂತ ವಿನ್ಸೆಂಟ್ ಪಾವ್ಲ್ ಸಭೆಯಾಗಿ ಬೆಳೆದು ಇಂದು ನಮ್ಮ ಧರ್ಮಕೇಂದ್ರಗಳಲ್ಲೂ ಇದೆ. ಅಂಥದ್ದೊಂದು ಕೆಲಸವನ್ನು ನೀವೇ ಕೇಳಿ ಪಡೆಯಿರಿ.

ವಾರ್ಡಿನ ಗುರಿಕಾರರೇ, ಬಾರದವರನ್ನು ಆಡಿಕೊಳ್ಳಬೇಡಿ. ಮನೆಗೆ ಹೋಗಿ ಕಷ್ಟಸುಖ ವಿಚಾರಿಸಿ, ಕರೆಯಿರಿ. ಅಪ್ಪಂದಿರೇ, ಮಕ್ಕಳನ್ನು ಗೇಟಿನ ಬಳಿ ಇಳಿಸಿ ಹಿಂದಿರುಗಬೇಡಿ. ಬರುವ ಭಾನುವಾರ ಅವರ ಪಕ್ಕದಲ್ಲೇ ಕೂತುಕೊಳ್ಳಿ.