ಮಗಳು ಇನ್ನೂ ಓದುತ್ತೇನೆ ಅಂದರೆ: ಸಂಶೋಧನಾ ಸ್ಥಾನ ಹುಡುಕುವ ದಾರಿ



ಸಂಘದ ಸಭೆಗಳಲ್ಲಿ ನಾವು ಈ ಮಾತನ್ನು ಆಗಾಗ ಕೇಳುತ್ತೇವೆ: "ಮಗಳ ಎಂ.ಟೆಕ್. ಮುಗೀತು. ಪಿಎಚ್.ಡಿ. ಮಾಡ್ತೇನೆ ಅಂತಾಳೆ. ಮೊದಲಿನ ಸಾಲವೇ ತೀರಿಲ್ಲ, ಇನ್ನೊಂದು ಎಲ್ಲಿಂದ ತರೋದು?" ಸಾಲಕ್ಕೆ ಹೆದರಿ ಓದು ನಿಲ್ಲಿಸುವ ಮುಂಚೆ ಒಂದು ವಿಷಯ ತಿಳಿದುಕೊಳ್ಳೋಣ. ಒಳ್ಳೆಯ ತಾಂತ್ರಿಕ ಸಂಸ್ಥೆಗಳಲ್ಲಿ ಸಂಶೋಧನೆ ಮಾಡುವವರಿಗೆ ಸಂಸ್ಥೆಯೇ ತಿಂಗಳು ತಿಂಗಳು ಹಣ ಕೊಡುತ್ತದೆ. ಇದಕ್ಕೆ ಶಿಷ್ಯವೇತನ ಎನ್ನುತ್ತಾರೆ.

ಎಷ್ಟು ಸಿಗುತ್ತದೆ?
ನಮ್ಮ ಸುರತ್ಕಲ್‌ನ ಎನ್.ಐ.ಟಿ.ಕೆ. 1960ರಲ್ಲಿ ಕೆ.ಆರ್.ಇ.ಸಿ. ಆಗಿ ಶುರುವಾದ ಸಂಸ್ಥೆ. ಇಂಥ ಕೇಂದ್ರ ಸಂಸ್ಥೆಗಳಲ್ಲಿ ಪೂರ್ಣಾವಧಿ ಪಿಎಚ್.ಡಿ. ಶಿಷ್ಯವೇತನ 2023ರಲ್ಲಿ ಪರಿಷ್ಕರಣೆಯಾಗಿ, ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ನಂತರ ರೂ. 42,000 ಆಯಿತು. ಆದರೆ ಎಲ್ಲ ಕಡೆಯೂ ಹೀಗಿಲ್ಲ. ವಿ.ಟಿ.ಯು. ಅಡಿಯ ಕಾಲೇಜುಗಳಲ್ಲಿ ಅನೇಕರು ಪಾಠ ಮಾಡುತ್ತಾ, ಸ್ವಂತ ಖರ್ಚಿನಲ್ಲೇ ಪಿಎಚ್.ಡಿ. ಮಾಡುತ್ತಾರೆ. ಆದ್ದರಿಂದ ಸೇರುವ ಮುಂಚೆ "ಶಿಷ್ಯವೇತನ ಇದೆಯೇ?" ಎಂದು ಕೇಳಲೇಬೇಕು.

ಹುಡುಕುವುದು ಹೇಗೆ?
1. ಗೇಟ್ ಪರೀಕ್ಷೆ: ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಅಂಕ ಮೂರು ವರ್ಷ ನಡೆಯುತ್ತದೆ. ಬಿ.ಇ. ಮೂರನೇ ವರ್ಷದಲ್ಲೇ ಬರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಇ. ಆದವರೂ ಗೇಟ್ ಮೂಲಕ ನೇರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು.
2. ಪ್ರಕಟಣೆ: ಸಂಸ್ಥೆಯ ಸ್ವಂತ ವೆಬ್‌ಸೈಟನ್ನೇ ನೋಡಬೇಕು. ಪಿಎಚ್.ಡಿ. ಪ್ರವೇಶದ ಜೊತೆಗೆ ಪ್ರಾಜೆಕ್ಟ್ ಹುದ್ದೆಗಳೂ ಅಲ್ಲಿರುತ್ತವೆ. ಇವು ಕೆಲವು ವರ್ಷಗಳ ತಾತ್ಕಾಲಿಕ ಹುದ್ದೆಗಳು. ಅನುಭವಕ್ಕೆ ಒಳ್ಳೆಯದು.
3. ಗೈಡ್: ಯಾವ ಪ್ರೊಫೆಸರ್ ಯಾವ ವಿಷಯದಲ್ಲಿ ಕೆಲಸ ಮಾಡುತ್ತಾರೆ ಎಂದು ಓದಿ, ಅವರಿಗೆ ಚಿಕ್ಕ ಇ-ಮೇಲ್ ಬರೆಯಲಿ. ತಾನು ಮಾಡಿದ ಪ್ರಾಜೆಕ್ಟ್ ಏನು, ಅವರ ಯಾವ ಕೆಲಸ ಇಷ್ಟವಾಯಿತು ಎಂದು ತಿಳಿಸಲಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಉತ್ತರ ಬರುವುದು ಕಷ್ಟ.
4. ಪ್ರಮಾಣಪತ್ರ: ಇಲ್ಲಿ ಅನೇಕರು ಎಡವುತ್ತಾರೆ. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಕೇಂದ್ರ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ, ಕೇಂದ್ರ ನಮೂನೆಯ ಒ.ಬಿ.ಸಿ. ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ.

ಎಚ್ಚರಿಕೆ
"ಸೀಟು ಕೊಡಿಸ್ತೇವೆ, ಪ್ರಬಂಧ ಬರೆದು ಕೊಡ್ತೇವೆ" ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಲಿಖಿತ ಪರೀಕ್ಷೆ, ಸಂದರ್ಶನಗಳಿಗೆ ದಲ್ಲಾಳಿ ಬೇಕಿಲ್ಲ. ಬೇರೆಯವರು ಬರೆದ ಪ್ರಬಂಧ ಸಿಕ್ಕಿಬಿದ್ದರೆ ವರ್ಷಗಳ ಶ್ರಮ ಹಾಳು.

ಮದುವೆಯಾದ ಮೇಲೆ?
ಮದುವೆಯಾಯಿತು, ಮಗುವಾಯಿತು ಅಂತ ಓದು ಬಿಡಬೇಕಿಲ್ಲ. ಯು.ಜಿ.ಸಿ.ಯ 2022ರ ನಿಯಮದಲ್ಲಿ ಪಿಎಚ್.ಡಿ. ಮಾಡುವ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶವಿದೆ. ಓದು ಮುಗಿಸಲು ಎರಡು ವರ್ಷ ಹೆಚ್ಚು ಸಮಯಕ್ಕೂ ಅವಕಾಶವಿದೆ.

ಸಂಘ ಏನು ಮಾಡಬಹುದು?
ಸೇರುವಾಗ ಶುಲ್ಕ, ಹಾಸ್ಟೆಲ್ ಹಣ ಕಟ್ಟಬೇಕು. ಮೊದಲ ಶಿಷ್ಯವೇತನ ಕೈಗೆ ಬರಲು ತಡವಾಗಬಹುದು. ಆ ಕೆಲವು ತಿಂಗಳಿಗೆ ಸಂಘದ ಸಣ್ಣ ಸಾಲ ಸಾಕಾಗಬಹುದು. ದೊಡ್ಡ ಬಡ್ಡಿಯ ಸಾಲಕ್ಕೆ ಹೋಗಬೇಡಿ.

ಚರ್ಚಿಸೋಣ
• ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಬಿ.ಇ., ಎಂ.ಟೆಕ್. ಓದುವವರು ಎಷ್ಟು ಮಂದಿ? ಅವರಿಗೆ ಗೇಟ್ ಬಗ್ಗೆ ಗೊತ್ತೇ?
• ಮಗನಿಗೆ "ಓದು" ಎನ್ನುವ ನಾವು ಮಗಳಿಗೆ "ಸಾಕು" ಎನ್ನುತ್ತಿದ್ದೇವೆಯೇ?

ಮುಂದಿನ ಸಭೆಗೆ ಅಂಥ ಒಬ್ಬ ಹುಡುಗಿಯನ್ನಾದರೂ ಕರೆದುಕೊಂಡು ಬನ್ನಿ. ಈ ಪಾಠವನ್ನು ಅವಳೇ ಓದಿ ಹೇಳಲಿ.