ಅಮೆರಿಕದ ವಾಣಿಜ್ಯ ವಾಹಿನಿಗೆ ನಾವೇಕೆ ದುಡ್ಡು ಕೊಡಬೇಕು?

ನ್ಯೂಯಾರ್ಕ್ ಷೇರುಪೇಟೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಗಂಟೆ ಬಾರಿಸಿದಾಗ ನಮ್ಮಲ್ಲಿ ಸಂಜೆ ಏಳು. ಅಲ್ಲಿಯವರು ನವೆಂಬರಿನಲ್ಲಿ ಗಡಿಯಾರ ಹಿಂದಕ್ಕಿಟ್ಟ ಮೇಲೆ ಎಂಟು. ಪೇಟೆ ಮುಚ್ಚುವ ಹೊತ್ತಿಗೆ ಇಲ್ಲಿ ರಾತ್ರಿ ಒಂದೂವರೆಯೋ ಎರಡೂವರೆಯೋ ಆಗಿರುತ್ತದೆ. ಈ ವೇಳೆಯನ್ನು ಬಾಯಿಪಾಠ ಮಾಡಿಕೊಂಡವರು ಬೆಂಗಳೂರಿನಲ್ಲಿ ಈಗ ಕಡಿಮೆಯಿಲ್ಲ. ಅಮೆರಿಕದ ಕಂಪನಿಯಲ್ಲಿ ಕೆಲಸ ಮಾಡುತ್ತ ಸಂಬಳದ ಒಂದು ಪಾಲನ್ನು ಆರ್‌ಎಸ್‌ಯು ಷೇರುಗಳಾಗಿ ಪಡೆಯುವವರಿದ್ದಾರೆ. ಹತ್ತಿಪ್ಪತ್ತು ವರ್ಷ ಅಲ್ಲಿ ದುಡಿದು, 401(ಕೆ) ಎಂಬ ನಿವೃತ್ತಿ ಉಳಿತಾಯದ ಖಾತೆಯನ್ನು ಅಲ್ಲೇ ಬಿಟ್ಟು ಜಯನಗರಕ್ಕೋ ಮೈಸೂರಿಗೋ ಮರಳಿದವರಿದ್ದಾರೆ. ಮೊಬೈಲ್ ಆ್ಯಪ್‌ನಲ್ಲಿ ಎನ್‌ವಿಡಿಯಾ ಷೇರಿನ ಚೂರುಪಾರು ಕೊಂಡ ಹುಡುಗ ಹುಡುಗಿಯರಂತೂ ಲೆಕ್ಕವಿಲ್ಲ. ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ, ಸಿಎನ್‌ಬಿಸಿಯ ಅಮೆರಿಕದ ಮೂಲ ಪ್ರಸಾರವನ್ನು, ಫಾಕ್ಸ್ ಬಿಸಿನೆಸ್ಸನ್ನು ಇಲ್ಲಿಂದ ನೋಡುವುದು ಹೇಗೆ ಎಂದು. 1999ರಿಂದ ನಮ್ಮಲ್ಲೇ ಇರುವ ಸಿಎನ್‌ಬಿಸಿ-ಟಿವಿ18 ಇವರಿಗೆ ಸಾಲದು. ನೋಡುವುದು ಹೇಗೆ ಎಂಬುದಕ್ಕಿಂತ, ನೋಡಿದರೆ ನಮ್ಮ ಹಣಕ್ಕೆ ಏನಾದರೂ ಒಳಿತಾಗುತ್ತದೆಯೇ ಎಂದು ಕೇಳುವುದು ಈ ಅಂಕಣದ ಕೆಲಸ. ಮನರಂಜನೆಗಾದರೆ ನಿಮ್ಮಿಷ್ಟ, ಹೂಡಿಕೆಯ ತೀರ್ಮಾನಕ್ಕೆಂದಾದರೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ ಎಂಬುದು ನನ್ನ ನಿಲುವು.

ಮೊದಲು ಖರ್ಚಿನ ಕಡೆ ನೋಡೋಣ. ಈ ವಾಹಿನಿಗಳ ಹೆಚ್ಚಿನ ಆದಾಯ ಬರುವುದು ಎರಡು ಕಡೆಯಿಂದ: ಅಲ್ಲಿನ ಕೇಬಲ್ ಕಂಪನಿಗಳು ಪ್ರತಿ ಗ್ರಾಹಕನ ಲೆಕ್ಕದಲ್ಲಿ ಕೊಡುವ ಶುಲ್ಕ ಮತ್ತು ಅಲ್ಲಿನ ಗ್ರಾಹಕರನ್ನೇ ಗುರಿಯಾಗಿಸಿಕೊಂಡ ಜಾಹೀರಾತು. ಹೊರದೇಶದ ವೀಕ್ಷಕನಿಂದ ಎರಡೂ ಹುಟ್ಟುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಅವನಿಗೆ ಬಾಗಿಲು ಹಾಕಿರುತ್ತಾರೆ, ಇಲ್ಲವೇ ಅಂತರರಾಷ್ಟ್ರೀಯ ಆವೃತ್ತಿ ಎಂಬ ಬೇರೊಂದು ಪ್ರಸಾರ ಕೊಡುತ್ತಾರೆ. ಹಿಂದೆ ಸ್ಲಿಂಗ್‌ಬಾಕ್ಸ್ ಎಂಬ ಪೆಟ್ಟಿಗೆ ಇತ್ತು. ಅಮೆರಿಕದಲ್ಲಿರುವ ಅಣ್ಣನ ಮನೆಯ ಕೇಬಲ್ಲಿಗೆ ಅದನ್ನು ಜೋಡಿಸಿದರೆ ಅಲ್ಲಿನ ಟಿವಿಯನ್ನು ಇಲ್ಲಿ ಕಂಪ್ಯೂಟರಿನಲ್ಲಿ ನೋಡಬಹುದಿತ್ತು. 2005ರಲ್ಲಿ ಮಾರುಕಟ್ಟೆಗೆ ಬಂದ ಅದರ ಹಿಂದೆ ಬೆಂಗಳೂರಿನ ಎಂಜಿನಿಯರುಗಳ ದುಡಿಮೆಯೂ ಇತ್ತು. 2022ರ ನವೆಂಬರಿನಲ್ಲಿ ಕಂಪನಿ ಸರ್ವರುಗಳನ್ನು ನಿಲ್ಲಿಸಿದ್ದೇ ತಡ, ಎಲ್ಲ ಪೆಟ್ಟಿಗೆಗಳೂ ನಿರುಪಯುಕ್ತವಾದವು. ಈಗ ಕೆಲವರು ಹಿಡಿಯುವ ದಾರಿ ವಿಪಿಎನ್ ಹಾಕಿಕೊಂಡು, ಅಮೆರಿಕದ ವಿಳಾಸದ ಕಾರ್ಡು ಯಾರದಾದರೂ ಸಿಕ್ಕರೆ ಯೂಟ್ಯೂಬ್ ಟಿವಿಯಂಥ ಸೇವೆಗೆ ಚಂದಾ ಕಟ್ಟುವುದು. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧವೇನಲ್ಲ. ಆದರೆ ಅಮೆರಿಕದ ಹೊರಗೆ ಕುಳಿತು ಹೀಗೆ ನೋಡುವುದು ಆ ಸೇವೆಯ ಷರತ್ತಿಗೆ ವಿರುದ್ಧ. ಖಾತೆ ಯಾವತ್ತು ಬೇಕಾದರೂ ನಿಂತುಹೋಗಬಹುದು, ದೂರು ಕೊಡಲು ಮುಖವಿರುವುದಿಲ್ಲ. 2025ರ ಆರಂಭದಲ್ಲಿ ಯೂಟ್ಯೂಬ್ ಟಿವಿಯ ಮೂಲ ಚಂದಾ ತಿಂಗಳಿಗೆ 82.99 ಡಾಲರ್ ಆಯಿತು. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಸುಮಾರು 85 ಸಾವಿರ. ವಿಪಿಎನ್ ಬಾಡಿಗೆ ಬೇರೆ. ಅಮೆರಿಕದ ಷೇರುಗಳಲ್ಲಿ ನಿಮ್ಮದು ಹತ್ತು ಲಕ್ಷ ಇದೆ ಎನ್ನಿ. ಹೀಗೆ ವಾಹಿನಿ ನೋಡುವ ಖರ್ಚೇ ಅದರ ಶೇ 8ಕ್ಕಿಂತ ಹೆಚ್ಚು. ಮ್ಯೂಚುವಲ್ ಫಂಡಿನವನು ಶೇ 2 ಕೇಳಿದರೆ ಹುಬ್ಬು ಗಂಟಿಕ್ಕುವವರು ಇದನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೋ ತಿಳಿಯದು.

ಇಷ್ಟು ಕೊಟ್ಟು ಪಡೆಯುವ ಸುದ್ದಿ ನಮಗೆ ಲಾಭ ತರಬೇಕಾದರೆ, ಬೆಲೆ ಅದನ್ನು ಅರಗಿಸಿಕೊಳ್ಳುವ ಮುನ್ನ ನಮ್ಮ ಕೈಗೆ ಬರಬೇಕು. ಈ ಬಗ್ಗೆ ಒಳ್ಳೆಯ ಅಧ್ಯಯನವೊಂದಿದೆ. ಸಿಎನ್‌ಬಿಸಿಯ ಬೆಳಗಿನ ಮತ್ತು ಮಧ್ಯಾಹ್ನದ ಷೇರು ವರದಿಗಳನ್ನು ಇಟ್ಟುಕೊಂಡು ಜೆಫ್ರಿ ಬಸ್ಸೆ, ಕ್ಲಿಫ್ಟನ್ ಗ್ರೀನ್ ಎಂಬ ಇಬ್ಬರು ಪ್ರಾಧ್ಯಾಪಕರು 2002ರಲ್ಲಿ ಪ್ರಕಟಿಸಿದ್ದು. ಷೇರಿನ ಬಗ್ಗೆ ಒಳ್ಳೆಯ ಮಾತು ಬಂದ ಕೆಲವೇ ಸೆಕೆಂಡುಗಳಲ್ಲಿ ಬೆಲೆ ಏರತೊಡಗುತ್ತದೆ, ಸುಮಾರು ಒಂದು ನಿಮಿಷದಲ್ಲಿ ಆ ಪರಿಣಾಮ ಮುಗಿದುಹೋಗುತ್ತದೆ. ಹದಿನೈದು ಸೆಕೆಂಡಿನೊಳಗೆ ಖರೀದಿ ಮುಗಿಸಿದವರಿಗೆ ಮಾತ್ರ ಒಂದಿಷ್ಟು ಲಾಭ ಸಿಕ್ಕಿತ್ತು. ಇದು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಈಗ ಸುದ್ದಿ ಓದಿ ಖರೀದಿಸುವುದು ಯಂತ್ರಗಳು, ಅವಕ್ಕೆ ಸೆಕೆಂಡೂ ದೀರ್ಘ ಕಾಲ. ಇನ್ನೊಂದು ಕಡೆ, ಇಂಟರ್ನೆಟ್‌ನಲ್ಲಿ ಹರಿದುಬರುವ ನೇರಪ್ರಸಾರ ಸಾಮಾನ್ಯವಾಗಿ ಹತ್ತಾರು ಸೆಕೆಂಡು ತಡವಾಗಿಯೇ ನಮ್ಮ ಪರದೆಗೆ ಬರುತ್ತದೆ. ಅಂದಮೇಲೆ ನಾವು ‘ಲೈವ್’ ಎಂದು ನೋಡುತ್ತಿರುವುದು ಬೆಲೆ ಅರಗಿಸಿಕೊಂಡು ಮುಗಿಸಿದ ಸುದ್ದಿಯನ್ನು. ಸಿಎನ್‌ಬಿಸಿಯ ನಿರೂಪಕ ಜಿಮ್ ಕ್ರೇಮರ್ ಅವರ ‘ಮ್ಯಾಡ್ ಮನಿ’ ಕಾರ್ಯಕ್ರಮದ ಶಿಫಾರಸುಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಪ್ರಕಾರ, ಅವರು ಕೊಳ್ಳಿ ಎಂದ ಷೇರು ರಾತ್ರೋರಾತ್ರಿ ಜಿಗಿಯುತ್ತದೆ, ಮುಂದಿನ ಕೆಲವು ತಿಂಗಳಲ್ಲಿ ಆ ಏರಿಕೆ ಕರಗುತ್ತದೆ. ಮರುದಿನ ಕೊಂಡವನು ಏರಿದ ಬೆಲೆಗೆ ಕೊಂಡಿರುತ್ತಾನೆ.

ಹಾಗಿದ್ದರೆ ಕ್ರೇಮರ್ ಹೇಳಿದ್ದಕ್ಕೆ ಉಲ್ಟಾ ಮಾಡಿದರಾಯಿತು ಎಂದು ನಗುವವರಿದ್ದಾರೆ. ಅದನ್ನೂ ಮಾಡಿ ನೋಡಿಯಾಗಿದೆ. 2023ರ ಮಾರ್ಚಿನಲ್ಲಿ ಟಟಲ್ ಕ್ಯಾಪಿಟಲ್ ಎಂಬ ಸಂಸ್ಥೆ ಷೇರುಪೇಟೆಯಲ್ಲೇ ವಹಿವಾಟಾಗುವ ಎರಡು ನಿಧಿಗಳನ್ನು (ಇಟಿಎಫ್) ತೆರೆಯಿತು, ಒಂದು ಕ್ರೇಮರ್ ಮಾತಿನ ಪರ, ಇನ್ನೊಂದು ವಿರುದ್ಧ. ಪರವಾಗಿದ್ದದ್ದು ಅದೇ ವರ್ಷ ಮುಚ್ಚಿತು, ವಿರುದ್ಧವಾಗಿದ್ದದ್ದು ಮರುವರ್ಷದ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಟಿವಿಯ ಮಾತು ಯಾವಾಗಲೂ ತಪ್ಪಾಗಿದ್ದರೆ ಅದರಿಂದಲೂ ದುಡ್ಡು ಮಾಡಬಹುದಿತ್ತು; ಅದು ಅಷ್ಟರಮಟ್ಟಿಗೂ ನಂಬಿಕೆಗೆ ಅರ್ಹವಲ್ಲ.

ಇಲ್ಲಿ ಬರುವ ಗಟ್ಟಿ ಆಕ್ಷೇಪ ಬೇರೆಯದು. ಶಿಫಾರಸು ಹಾಗಿರಲಿ, ಕಂಪನಿ ಮುಖ್ಯಸ್ಥರ ಸಂದರ್ಶನ, ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷರ ಪತ್ರಿಕಾಗೋಷ್ಠಿ ಇವೆಲ್ಲ ನೇರವಾಗಿ ಕೇಳಬೇಡವೇ ಎಂದು. ಕೇಳಬೇಕು, ಆದರೆ ಅದಕ್ಕೆ ವಾಹಿನಿ ಬೇಕಿಲ್ಲ. ಫೆಡ್ ತನ್ನ ಗೋಷ್ಠಿಯನ್ನು ತಾನೇ ಯೂಟ್ಯೂಬಿನಲ್ಲಿ ಬಿತ್ತರಿಸುತ್ತದೆ, ಪೂರ್ತಿ ಪಠ್ಯವನ್ನೂ ಹಾಕುತ್ತದೆ. 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದ ‘ರೆಗ್ಯುಲೇಷನ್ ಎಫ್‌ಡಿ’ ನಿಯಮದ ಪ್ರಕಾರ ಕಂಪನಿಗಳು ಮಹತ್ವದ ಮಾಹಿತಿಯನ್ನು ಆಯ್ದ ಕೆಲವರ ಕಿವಿಯಲ್ಲಿ ಮಾತ್ರ ಉಸುರುವಂತಿಲ್ಲ. ತ್ರೈಮಾಸಿಕ ಫಲಿತಾಂಶದ ಮಾತುಕತೆಯನ್ನು ಹೆಚ್ಚಿನ ಕಂಪನಿಗಳು ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ಕೇಳುವಂತೆ ಬಿಡುತ್ತವೆ. ಅಧಿಕೃತ ದಾಖಲೆಗಳು ಅಲ್ಲಿನ ಷೇರು ನಿಯಂತ್ರಕ ಸಂಸ್ಥೆಯ ‘ಎಡ್‌ಗರ್’ ತಾಣದಲ್ಲಿ ಉಚಿತ. ಬ್ಲೂಮ್‌ಬರ್ಗ್ ತನ್ನ ವಾಹಿನಿಯನ್ನೇ ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ತೋರಿಸುತ್ತದೆ, ‘ಮ್ಯಾಡ್ ಮನಿ’ಯ ಧ್ವನಿ ಪಾಡ್‌ಕಾಸ್ಟಾಗಿ ಸಿಗುತ್ತದೆ. ಚಂದಾ ಕಟ್ಟಿದವನಿಗೆ ಇವುಗಳ ಮೇಲೆ ಹೆಚ್ಚುವರಿಯಾಗಿ ಸಿಗುವುದು ಪರದೆಯ ಕೆಳಗೆ ಓಡುವ ಪಟ್ಟಿ, ಆರು ಜನ ಒಟ್ಟಿಗೆ ಮಾತಾಡುವ ಕಿಟಕಿಗಳು. ವೃತ್ತಿಪರರು ಇದನ್ನು ಹೇಗೆ ನೋಡುತ್ತಾರೆ ಎಂಬುದೂ ಸ್ವಾರಸ್ಯದ ಸಂಗತಿ. ಕಚೇರಿಗಳಲ್ಲಿ, ವಹಿವಾಟಿನ ಸಭಾಂಗಣಗಳಲ್ಲಿ ನೋಡುವವರು ನೀಲ್ಸನ್ ಸಂಸ್ಥೆಯ ವೀಕ್ಷಕರ ಎಣಿಕೆಯಲ್ಲಿ ಬರುವುದಿಲ್ಲ ಎಂದು ಸಿಎನ್‌ಬಿಸಿ 2015ರಲ್ಲಿ ತನ್ನ ಹಗಲಿನ ಕಾರ್ಯಕ್ರಮಗಳನ್ನು ಆ ಎಣಿಕೆಯಿಂದಲೇ ಬಿಡಿಸಿಕೊಂಡಿತು. ಅಂಥ ಕಚೇರಿಗಳಲ್ಲಿ ಟಿವಿ ಗೋಡೆಯ ಮೇಲೆ ಓಡುತ್ತಿರುತ್ತದೆ, ಎಷ್ಟೋ ವೇಳೆ ಧ್ವನಿಯೇ ಇಲ್ಲದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಈ ವಾಹಿನಿ ಮಾತಾಡುತ್ತಿರುವುದು ಯಾರ ಜೊತೆ ಎಂಬುದು. ಅದನ್ನು ತಿಳಿಯಲು ಜಾಹೀರಾತು ನೋಡಿದರೆ ಸಾಕು: ವೈದ್ಯರ ಚೀಟಿಯ ಔಷಧಗಳು, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಯೋಜನೆಗಳು, ನಿವೃತ್ತರಿಗೆ ಆನ್ಯುಯಿಟಿ, ಚಿನ್ನದ ನಾಣ್ಯ. ಅಮೆರಿಕದ ಅರವತ್ತು ದಾಟಿದ, ಒಂದಿಷ್ಟು ಉಳಿತಾಯವಿರುವ ಮನುಷ್ಯನ ಚಿತ್ರ ಅಲ್ಲಿ ಎದ್ದು ನಿಲ್ಲುತ್ತದೆ. ಕಾರ್ಯಕ್ರಮದ ಮಾತೂ ಅವನಿಗೇ. ನಿವೃತ್ತಿಗೆ ರಾತ್ ಐಆರ್‌ಎ, ಮಕ್ಕಳ ಓದಿಗೆ 529 ಖಾತೆ, ಮೂವತ್ತು ವರ್ಷದ ಗೃಹಸಾಲದ ಬಡ್ಡಿ. ಡಿಸೆಂಬರ್ ಬಂದರೆ ನಷ್ಟದ ಷೇರು ಮಾರಿ ತೆರಿಗೆ ಉಳಿಸಿ ಎಂಬ ಸಲಹೆ. ನಮ್ಮ ತೆರಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅವರ ‘ದೀರ್ಘಾವಧಿ’ ಒಂದು ವರ್ಷ ದಾಟಿದರೆ ಸಾಕು. ಅದೇ ಷೇರನ್ನು ಇಲ್ಲಿನ ನಿವಾಸಿ 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಾತ್ರ ಶೇ 12.5ರ ದರ. ಅವರ ಸಲಹೆ ಕೇಳಿಕೊಂಡು ನಾವು ಲೆಕ್ಕ ಹಾಕುವುದು ಪಕ್ಕದ ಮನೆಯವರ ಜಾತಕ ನೋಡಿ ನಮ್ಮ ಮನೆಯ ಮದುವೆಗೆ ಮುಹೂರ್ತ ಇಟ್ಟಂತೆ.

ಇನ್ನು ಅಲ್ಲಿ ಎಂದೂ ಕೇಳಿಬರದ, ನಮಗೆ ಮಾತ್ರ ತಟ್ಟುವ ಸಂಗತಿಗಳು. ರೂಪಾಯಿಯಿಂದ ಶುರುಮಾಡೋಣ. 2011ರ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 45 ರೂಪಾಯಿ ಇತ್ತು, 2024ರ ಮಧ್ಯಕ್ಕೆ ಸುಮಾರು 83. ಅಂದರೆ ಅಮೆರಿಕದ ಷೇರು ಕೊಂಡ ಭಾರತೀಯನಿಗೆ ವರ್ಷಕ್ಕೆ ಶೇ 4.5ಕ್ಕಿಂತ ಹೆಚ್ಚು ಗಳಿಕೆ ಬರೀ ವಿನಿಮಯ ದರದಿಂದಲೇ ಬಂತು. ಅವನ ಒಟ್ಟು ಲಾಭದ ಇಷ್ಟು ದೊಡ್ಡ ಭಾಗದ ಬಗ್ಗೆ ನ್ಯೂಯಾರ್ಕಿನ ಯಾವ ನಿರೂಪಕನೂ ಬಾಯಿ ಬಿಡುವುದಿಲ್ಲ, ಬಿಡಬೇಕಾದ ಕಾರಣವೂ ಅವನಿಗಿಲ್ಲ. ಲಾಭಾಂಶದಲ್ಲಿ ಉಭಯ ದೇಶಗಳ ಒಪ್ಪಂದದಂತೆ ಶೇ 25 ಅಲ್ಲೇ ಮುರಿದುಕೊಳ್ಳುತ್ತಾರೆ. ಅದರ ಲೆಕ್ಕ ತೋರಿಸಿ ಇಲ್ಲಿನ ತೆರಿಗೆಯಲ್ಲಿ ಸರಿದೂಗಿಸಿಕೊಳ್ಳಬೇಕು. ಹೂಡಿಕೆಗೆಂದು ವರ್ಷಕ್ಕೆ ಹತ್ತು ಲಕ್ಷ ದಾಟಿ ಹೊರಗೆ ಕಳಿಸಿದರೆ ಹೆಚ್ಚುವರಿ ಮೊತ್ತದ ಮೇಲೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ, ರಿಟರ್ನ್ ಸಲ್ಲಿಸುವವರೆಗೆ ಆ ಹಣ ನಮ್ಮ ಕೈಯಲ್ಲಿರುವುದಿಲ್ಲ. ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬದೆ ಬಿಟ್ಟವರು ಕಪ್ಪುಹಣ ಕಾಯ್ದೆಯ ದಂಡದ ವ್ಯಾಪ್ತಿಗೆ ಬರಬಹುದು. ಇವೆಲ್ಲಕ್ಕಿಂತ ದೊಡ್ಡದು ಅಮೆರಿಕದ ಮರಣೋತ್ತರ ಆಸ್ತಿ ತೆರಿಗೆ. 2025ರಲ್ಲಿ ಅಲ್ಲಿನ ಪ್ರಜೆಗೆ ಸುಮಾರು 1.4 ಕೋಟಿ ಡಾಲರ್‌ವರೆಗೆ ವಿನಾಯಿತಿ ಇತ್ತು. ಅಲ್ಲಿ ನೆಲೆಸಿರದ ವಿದೇಶಿಯನಿಗೆ 60 ಸಾವಿರ ಡಾಲರ್ ಮಾತ್ರ. ಅದರ ಮೇಲಿನದ್ದಕ್ಕೆ ದರ ಏರುತ್ತಾ ಶೇ 40ರವರೆಗೆ ಹೋಗುತ್ತದೆ. ಈ ತೆರಿಗೆಯ ವಿಚಾರದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವಿಲ್ಲ. ಏಳೆಂಟು ವರ್ಷ ಆರ್‌ಎಸ್‌ಯು ಕೂಡಿಟ್ಟ ವೈಟ್‌ಫೀಲ್ಡಿನ ಎಂಜಿನಿಯರ್ ಈ ಗೆರೆಯನ್ನು ಗೊತ್ತಿಲ್ಲದೆಯೇ ದಾಟಿರುತ್ತಾನೆ. ಪೇಟೆ ಶೇ 2 ಬಿತ್ತೆಂದು ರಾತ್ರಿ ಒಂದೂವರೆವರೆಗೆ ಕಣ್ಣು ಬಿಟ್ಟು ಕೂರುವವನು ಹೆಂಡತಿ ಮಕ್ಕಳು ಕಟ್ಟಬೇಕಾಗಿ ಬರಬಹುದಾದ ಈ ಮೊತ್ತವನ್ನು ಒಮ್ಮೆಯೂ ಲೆಕ್ಕ ಹಾಕಿರುವುದಿಲ್ಲ.

ಅದೇ ಎಂಜಿನಿಯರ್ ಹೇಳಬಹುದು: ನನ್ನ ಕಂಪನಿಯ ಷೇರು ನನ್ನ ಸಂಪತ್ತಿನ ಅರ್ಧ, ನಾನು ದಿನವೂ ಗಮನಿಸದೆ ಇರಲಾರೆ. ಸಂಬಳ, ಬೋನಸ್ಸು, ಉಳಿತಾಯ ಮೂರೂ ಒಂದೇ ಕಂಪನಿಗೆ ಕಟ್ಟಿಕೊಂಡಿರುವುದೇ ತೊಂದರೆ. ಕೈಗೆ ಬಂದ ಷೇರನ್ನು ಆಗಿಂದಾಗ್ಗೆ ಮಾರಿ ಬೇರೆಡೆ ಹಂಚುವುದು ಅದರ ಪರಿಹಾರ. ಅದಕ್ಕೆ ಟಿವಿಯ ಅಪ್ಪಣೆ ಬೇಕಿಲ್ಲ. ದಿನವೂ ಗಮನಿಸಿದರೆ ಆಗುವುದೇನೆಂದರೆ ವಹಿವಾಟು ಹೆಚ್ಚುತ್ತದೆ. 1991ರಿಂದ 1996ರವರೆಗೆ ಅಮೆರಿಕದ 66,465 ಕುಟುಂಬಗಳ ಖಾತೆ ಪರಿಶೀಲಿಸಿದ ಬಾರ್ಬರ್ ಮತ್ತು ಓಡೀನ್ ಎಂಬ ಸಂಶೋಧಕರು, ಅತಿ ಹೆಚ್ಚು ಕೊಟ್ಟು ಕೊಂಡವರು ವರ್ಷಕ್ಕೆ ಶೇ 11.4 ಗಳಿಸಿದರೆ ಪೇಟೆ ತಾನಾಗಿ ಶೇ 17.9 ಕೊಟ್ಟಿತೆಂದು ಕಂಡರು. ಆ ಅಧ್ಯಯನ ಟಿವಿಯ ಬಗ್ಗೆ ಅಲ್ಲ, ನಿಜ. ಆದರೆ ಕೈ ಸುಮ್ಮನಿರದಂತೆ ಮಾಡುವುದೇ ಟಿವಿಯ ಕಸುಬು. 2018ರ ಫೆಬ್ರುವರಿ 5ರಂದು ಡೌ ಜೋನ್ಸ್ ಸೂಚ್ಯಂಕ 1,175 ಅಂಶ ಬಿದ್ದಾಗ ಇತಿಹಾಸದಲ್ಲೇ ಅತಿ ದೊಡ್ಡ ಕುಸಿತ ಎಂದು ವಾಹಿನಿಗಳು ಸಾರಿದವು. ಅಂಶಗಳಲ್ಲಿ ಅದು ಆ ದಿನಕ್ಕೆ ಸರಿಯೇ, ಶೇಕಡಾವಾರು 4.6. 1987ರ ಅಕ್ಟೋಬರ್ 19ರಂದು ಬಿದ್ದದ್ದು 508 ಅಂಶ, ಶೇ 22.6.

ಕಲಿಕೆಯ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಬಾಂಡಿನ ಇಳುವರಿ ಏರಿದರೆ ತಂತ್ರಜ್ಞಾನದ ಷೇರುಗಳಿಗೆ ಯಾಕೆ ಪೆಟ್ಟು, ಫೆಡ್‌ನ ಒಂದು ವಾಕ್ಯ ಬದಲಾದರೆ ಪೇಟೆ ಯಾಕೆ ಅಲುಗುತ್ತದೆ ಎಂಬುದು ಕೆಲವು ತಿಂಗಳು ನೋಡಿದವರಿಗೆ ಕಿವಿಯಿಂದಲೇ ಬರುತ್ತದೆ. ಅಮೆರಿಕದ ನಿರೂಪಕರು ಅತಿಥಿಗೆ ಮರುಪ್ರಶ್ನೆ ಹಾಕುವ ರೀತಿಯೂ ನಮ್ಮಲ್ಲಿಗಿಂತ ಚುರುಕು. ನಮ್ಮ ವಾಹಿನಿಗಳೇ ಮೇಲು ಎಂದು ನಾನು ಹೇಳಹೊರಟಿಲ್ಲ. ವಾಣಿಜ್ಯ ವಾಹಿನಿಯೊಂದರ ಅತಿಥಿ ತಜ್ಞರು ತಾವು ಹೇಳಲಿರುವ ಷೇರಿನ ಹೆಸರನ್ನು ಮೊದಲೇ ಬೇರೆಯವರಿಗೆ ತಿಳಿಸಿ ಲಾಭ ಮಾಡಿಕೊಳ್ಳಲು ನೆರವಾದರೆಂಬ ಆರೋಪದ ಮೇಲೆ ಸೆಬಿ 2024ರ ಫೆಬ್ರುವರಿಯಲ್ಲಿ ಮಧ್ಯಂತರ ಆದೇಶ ಹೊರಡಿಸಿದ್ದು ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಕಲಿಯುವ ಆಸೆಗೆ ಬ್ಲೂಮ್‌ಬರ್ಗ್‌ನ ಉಚಿತ ಪ್ರಸಾರವನ್ನು ಸಂಜೆ ಅಡುಗೆ ಮಾಡುತ್ತ ಕೇಳಿಕೊಂಡರೆ ನನ್ನ ತಕರಾರಿಲ್ಲ. ಮರಳಿ ಬಂದವರಿಗೆ ಅಲ್ಲಿನ ಮಾತು, ಅಲ್ಲಿನ ರಾಜಕೀಯದ ಜಗಳ ಬಿಟ್ಟಿರಲಾಗದ ಅಭ್ಯಾಸವಾಗಿದ್ದರೆ ಅದಕ್ಕೂ ಬೆಲೆಯಿದೆ. ಆ ಖರ್ಚನ್ನು ಸಿನಿಮಾ, ಕ್ರಿಕೆಟ್ಟಿನ ಚಂದಾ ಬರೆಯುವ ಸಾಲಿನಲ್ಲೇ ಬರೆದುಕೊಳ್ಳಲಿ. ಅವರ 401(ಕೆ) ಖಾತೆಗೆ ಬೇಕಾಗಿರುವುದು ಬೇರೆ ತರಹದ ಗಮನ. ಅದರ ಬೆಳವಣಿಗೆಯ ಮೇಲಿನ ಭಾರತದ ತೆರಿಗೆಯನ್ನು ಹಣ ಹಿಂತೆಗೆಯುವ ವರ್ಷಕ್ಕೆ ಮುಂದೂಡುವ ಸೌಲಭ್ಯ 2021ರ ಹಣಕಾಸು ಕಾಯ್ದೆಯಿಂದ ಬಂದಿದೆ, ಆದರೆ ಅದಕ್ಕೆ ನಿಗದಿತ ನಮೂನೆಯನ್ನು ಗಡುವಿನೊಳಗೆ ತುಂಬಿ ಕೊಡಬೇಕು. ಚಂದಾ ಹಣದ ಒಂದು ಭಾಗವನ್ನು ಎರಡೂ ದೇಶದ ತೆರಿಗೆ ಬಲ್ಲ ಲೆಕ್ಕಪರಿಶೋಧಕರಿಗೆ ಕೊಟ್ಟು ಒಂದು ಗಂಟೆ ಕೂತು ಮಾತಾಡಿದರೆ ಈ ನಮೂನೆ, 60 ಸಾವಿರ ಡಾಲರಿನ ಗೆರೆ, ನಾಮಿನಿಯ ಹೆಸರು ಎಲ್ಲವೂ ಆ ಒಂದೇ ಗಂಟೆಯಲ್ಲಿ ಚರ್ಚೆಗೆ ಬರುತ್ತವೆ.